ಚನ್ನರಾಯನದುರ್ಗದಿಂದ ನಿಡುಗಲ್ಲಿಗೆ

ತುಮಕೂರಿನಿಂದ ಉತ್ತರಕ್ಕೆ ಪ್ರಯಾಣ ಮಾಡಿದವರಿಗೆ ನಮ್ಮ ಸೀಮೆಯ ಬೆಟ್ಟಗಳ ಪರಿಚಯವು ಇದ್ದೇ ಇರುವುದು. ದೇವರಾಯನದುರ್ಗವನ್ನು ಬೆನ್ನಿಗೆ ಬಿಟ್ಟರೆ ಚನ್ನರಾಯನದುರ್ಗ. ಅಲ್ಲಿಂದ ಮುಂದೆ ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡುಗಲ್ಲು. ಒಂದೊಂದರ ನೆತ್ತಿಯಲ್ಲಿಯೂ ಕೋಟೆ; ಒಂದೊಂದು ಕೋಟೆಗೂ ಪಾಳೆಯಗಾರರು, ಮೈಸೂರಿನವರು, ಮರಾಠರು ಎಂದು ಹಲವು ಒಡೆಯರು. ನಮ್ಮ ಚನ್ನರಾಯನದುರ್ಗವು ಎತ್ತರದಲ್ಲಿ ಮೂರು ಸಾವಿರದ ಏಳುನೂರು ಅಡಿಗೆ ಮೇಲಾದರೂ ಮಧುಗಿರಿಯ ಏಕಶಿಲೆಯ ಕೀರ್ತಿ ಅದಕ್ಕಿಲ್ಲ. ಆದುದರಿಂದ ಬೆಟ್ಟ ಹತ್ತುವ ಹುಡುಗರು ಅದನ್ನು ದೂರದಿಂದಲೇ ನೋಡಿ ಮಧುಗಿರಿಗೆ ನಡೆದುಬಿಡುತ್ತಾರೆ. ಅದೇನೂ ನಷ್ಟವಲ್ಲ, ಕೋಟೆಗಳ ಕಥೆಯನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಈ ಕೋಟೆಗಳ ಬುಡದಲ್ಲಿ, ಹತ್ತು ಮನೆ, ಇಪ್ಪತ್ತು ಮನೆಗಳಾಗಿ, ಶತಮಾನಗಳಿಂದ ಬಾಳಿಕೊಂಡು ಬಂದ ಜೈನರ ವಿಷಯವನ್ನು. ಬರೆಯಲು ಕಾರಣವಾದುದು ಹದಿನೆಂಟು ರೂಪಾಯಿಗಳ ಒಂದು ಹಳೆಯ ಬಾಕಿ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ವರ್ಷಕ್ಕೆ ಎರಡು ಸಲ ಒಬ್ಬ ಬೋಗಾರರು ಬರುತ್ತಿದ್ದರು. ಬೋಗಾರರೆಂದರೆ ತಾಮ್ರ ಹಿತ್ತಾಳೆಯ ಪಾತ್ರೆಗಳ ವ್ಯಾಪಾರ ಮಾಡುವ ಜೈನರು. ಇವರು ಮಧುಗಿರಿಯ ಕಡೆಯವರು. ಗಾಡಿಯ ತುಂಬ ಹಂಡೆ, ಕೊಳಗ, ಬಿಂದಿಗೆ, ತಂಬಿಗೆಗಳನ್ನು ಹೇರಿಕೊಂಡು ಬಂದು, ಹಳೆಯ ತಾಮ್ರವನ್ನು ತೂಕಕ್ಕೆ ಹಾಕಿಕೊಂಡು, ಹೊಸದನ್ನು ಕೊಟ್ಟು, ಉಳಿದ ಹಣಕ್ಕೆ ಸುಗ್ಗಿಯವರೆಗೆ ವಾಯಿದೆ ಕೊಡುತ್ತಿದ್ದರು. ಅವರು ನಮ್ಮ ಅಡಿಗೆಯನ್ನು ಉಣ್ಣುತ್ತಿರಲಿಲ್ಲ. ನಮ್ಮ ಅಜ್ಜಿ ಅವರಿಗೆ ಅಕ್ಕಿ, ಬೇಳೆ, ಸೌದೆಗಳನ್ನು ಕೊಟ್ಟರೆ ಜಗಲಿಯ ಮೂಲೆಯಲ್ಲಿ ತಾವೇ ಬೇಯಿಸಿಕೊಂಡು, ಹೊತ್ತು ಮುಳುಗುವುದಕ್ಕೆ ಮೊದಲೇ ಊಟ ಮುಗಿಸುವರು. ದೀಪ ಹಚ್ಚಿದ ಮೇಲೆ ನೀರನ್ನೂ ಮುಟ್ಟರು. ಅವರಿಗೆಂದೇ ಒಂದು ಹಿತ್ತಾಳೆಯ ತಪ್ಪಲೆಯೂ, ನೀರು ಸೋಸುವುದಕ್ಕೆ ಒಂದು ತುಂಡು ಬಿಳಿಯ ಬಟ್ಟೆಯೂ ನಮ್ಮ ನಡುಮನೆಯ ನಾಗಂದಿಗೆಯ ಮೇಲೆ ಇರುತ್ತಿದ್ದುವು. ವರ್ಷವೆಲ್ಲ ಅವನ್ನು ಯಾರೂ ಮುಟ್ಟುವಂತಿಲ್ಲ. ನಾನೊಮ್ಮೆ ಆ ತಪ್ಪಲೆಯಲ್ಲಿ ಗೋಲಿಗಳನ್ನು ತುಂಬಿಟ್ಟು ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದುದು ಚೆನ್ನಾಗಿ ನೆನಪಿದೆ. “ಅದು ಬೋಗಾರಯ್ಯನವರ ಪಾತ್ರೆ ಕಣೋ, ದೇವರ ಪಾತ್ರೆ ಇದ್ದ ಹಾಗೆ” ಎಂದು ಗದರಿಸಿ, ಹುಣಿಸೆಹಣ್ಣು ಹಾಕಿ ಮೂರು ಸಲ ಬೆಳಗಿ ಮತ್ತೆ ಮೇಲಿಟ್ಟರು.

ಸ್ಟೀಲಿನ ಪಾತ್ರೆಗಳು ಬಂದುವು. ತಾಮ್ರದ ಹಂಡೆಯನ್ನು ಕೇಳುವವರಿಲ್ಲವಾಯಿತು. ಬೋಗಾರಯ್ಯನವರು ಒಂದು ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಬೆಂಗಳೂರಿಗೆ ಹೊರಟುಹೋದರೆಂದು ಯಾರೋ ಹೇಳಿದರು. ತಂದೆಯವರು ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕವನ್ನು ತಿರುವುತ್ತಿದ್ದಾಗ ಒಂದು ಪುಟದಲ್ಲಿ ‘ಬೋಗಾರಯ್ಯನವರಿಗೆ, ಹಂಡೆಯ ಬಾಬ್ತು ಬಾಕಿ ೧೮ ರೂ.’ ಎಂದು ಬರೆದುದು ಕಂಡಿತು. ಅದರ ಮುಂದೆ ‘ಸಂದಿದೆ’ ಎಂಬ ಮಾತಿರಲಿಲ್ಲ. ನೋಡಿದೆ, ಪುಸ್ತಕವನ್ನು ಮುಚ್ಚಿದೆ, ಮರೆತೆ.

ಮರೆತುದು ನೆನಪಿಗೆ ಬಂದುದು ಬಲು ದೂರದ ಒಂದು ಹಳ್ಳಿಯಲ್ಲಿ. ನನ್ನ ತಂಗಿಯ ಮಗನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಬಳಿ ಕೆಲಸದಲ್ಲಿದ್ದಾನೆ. ಅವನಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ, “ಮಾವ, ನಿಮಗೆ ಹಳೆಯ ಕಲ್ಲುಗಳೆಂದರೆ ಆಸೆಯಲ್ಲವೆ? ಬನ್ನಿ” ಎಂದು ಗ್ಯೋಪಿಂಗೆನ್ ಎಂಬ ಪಟ್ಟಣಕ್ಕೆ ಸೇರಿದ ಯೇಬೆನ್‌ಹೌಸೆನ್ ಗ್ರಾಮಕ್ಕೆ ಕರೆದುಕೊಂಡು ಹೋದನು. ಅಲ್ಲಿ ಹಳೆಯದೊಂದು ಇಗರ್ಜಿ. ಒಳಗೆ, ೧೯೯೨ರಿಂದ, ಆ ಊರಿನ ಯೆಹೂದ್ಯರ ಚರಿತ್ರೆಯ ವಸ್ತುಸಂಗ್ರಹಾಲಯವಿದೆ. ಕ್ರೈಸ್ತರ ದೇವಾಲಯದೊಳಗೆ ಯೆಹೂದ್ಯರ ಚರಿತ್ರೆ ಏಕೆಂದು ವಾಚಕರು ಕೇಳಬಹುದು. ಆ ಊರಿನ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ೧೯೦೫ರಲ್ಲಿ ಕೆಡವಿದರು. ಅಲ್ಲಿದ್ದ ಬೆಂಚುಗಳೂ ತೂಗುದೀಪಗಳೂ ಈ ಇಗರ್ಜಿಗೆ ಬಂದು ಸೇರಿದ್ದುವು. ಒಂದು ಮತದವರು ಕುಳಿತು ಸವೆಸಿದ ಬೆಂಚಿನ ಮೇಲೆ ಇನ್ನೊಂದು ಮತದವರು ಕುಳಿತು ಪ್ರಾರ್ಥಿಸುತ್ತಿದ್ದರು.

ಯೂರೋಪಿನ ಯೆಹೂದ್ಯರೆಂದರೆ ನಗರದ ಸಾಹುಕಾರರು, ಪಂಡಿತರು ಎಂದೇ ನಾನು ತಿಳಿದಿದ್ದೆನು. ಅದು ಅರ್ಧ ಮಾತ್ರ ಸತ್ಯ. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಜರ್ಮನಿಯ ದೊಡ್ಡ ನಗರಗಳು ಅವರನ್ನು ಒಂದೊಂದಾಗಿ ಹೊರದೂಡಿದುವು; ನ್ಯೂರೆಂಬರ್ಗು ೧೪೯೯ರಲ್ಲಿ, ರೇಗೆನ್ಸ್‌ಬುರ್ಗು ೧೫೧೯ರಲ್ಲಿ. ಓಡಿಬಂದವರಿಗೆ ನೆಲೆ ಕೊಟ್ಟವರು ಹಳ್ಳಿಗಳ ಸಣ್ಣ ಒಡೆಯರು, ನಮ್ಮ ಪಾಳೆಯಗಾರರಂಥವರು. ಕೊಟ್ಟುದು ಬರಿಯ ದಯೆಯಿಂದಲ್ಲ. ತಲೆಗಿಷ್ಟೆಂದು ಹಣ ಪಡೆದು ರಕ್ಷಣೆಯ ಪತ್ರವನ್ನು ಬರೆದುಕೊಡುತ್ತಿದ್ದರು. ಯೇಬೆನ್‌ಹೌಸೆನ್ನಿನ ಒಡೆಯರಾದ ಲೀಬೆನ್‌ಸ್ಟೈನ್ ಮನೆತನದವರು ಅಂಥ ಪತ್ರವನ್ನು ಕೊಟ್ಟುದು ೧೭೭೭ರಲ್ಲಿ. ಕೆಲವೇ ಕುಟುಂಬಗಳು ಬಂದು ನೆಲೆಸಿ, ದನದ ವ್ಯಾಪಾರವನ್ನೂ ತಿರುಗಾಟದ ವ್ಯಾಪಾರವನ್ನೂ ಮಾಡುತ್ತ ಬೆಳೆದುವು. ೧೮೦೪ರಲ್ಲಿ ಪ್ರಾರ್ಥನಾಮಂದಿರವನ್ನು ಕಟ್ಟಿದರು. ೧೮೪೫ರ ಸುಮಾರಿಗೆ ಐನೂರೈವತ್ತು ಜನರಾಗಿ, ಊರಿನ ಅರ್ಧದಷ್ಟು ಅವರೇ ಆಗಿದ್ದರು. ಆಲ್ಬರ್ಟ್ ಐನ್‌ಸ್ಟೈನರ ತಾಯಿಯ ತಂದೆ ಹುಟ್ಟಿದುದು ಆ ಹಳ್ಳಿಯಲ್ಲಿಯೇ.

ಆಮೇಲೆ ಕರಗಿತು. ನೂರಾರು ಮಂದಿ ಅಮೆರಿಕಾಕ್ಕೆ ಹಡಗು ಹತ್ತಿದರು. ಗ್ಯೋಪಿಂಗೆನ್ನಿಗೆ ರೈಲು ಬಂದಿತು. ನೆಯ್ಗೆಯ ಕಾರ್ಖಾನೆಗಳನ್ನು ನಡೆಸುತ್ತಿದ್ದವರು ರೈಲಿನ ಬಳಿಗೆ ಹೋದರು. ೧೮೬೮ರಲ್ಲಿ ಧರ್ಮಗುರುವಿನ ಪೀಠವೂ ಅಲ್ಲಿಗೇ ಹೋಯಿತು. ೧೮೯೯ರ ಕೊನೆಗೆ ಹಳ್ಳಿಯ ಸಂಘವು ಮುಚ್ಚಿತು. ಇಷ್ಟೇ ಆಗಿದ್ದರೆ ಇದು ನಮ್ಮ ಎಷ್ಟೋ ಹಳ್ಳಿಗಳ ಕಥೆಯೇ. ಆದರೆ ಪಟ್ಟಣಕ್ಕೆ ಹೋದವರ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಗ್ಯೋಪಿಂಗೆನ್ನಿನಲ್ಲಿ ೧೯೦೭ರಿಂದ ಆರೋನ್ ಟೆಂಟ್ಸರ್ ಎಂಬ ಧರ್ಮಗುರುಗಳಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದೊಡನೆ ಹೋಗಿ ಸೇವೆ ಮಾಡಿದವರು. ಪಟ್ಟಣಕ್ಕೆ ಪುಸ್ತಕಭಂಡಾರವನ್ನು ಕಟ್ಟಿಕೊಟ್ಟವರು. ೧೯೨೭ರಲ್ಲಿ ಅವರು ಯೇಬೆನ್‌ಹೌಸೆನ್ ಮತ್ತು ಗ್ಯೋಪಿಂಗೆನ್ನಿನ ಯೆಹೂದ್ಯರ ಚರಿತ್ರೆಯನ್ನು ಅಚ್ಚು ಹಾಕಿಸಿದರು. ಯಾವ ಮನೆ, ಯಾರ ಮಗ, ಯಾರನ್ನು ಮದುವೆಯಾದನು, ಎಲ್ಲಿಗೆ ಹೋದನು ಎಂಬುದನ್ನೆಲ್ಲ ಒಂದೊಂದು ಕುಟುಂಬವಾಗಿ ಬರೆದಿಟ್ಟರು. ಗುರುಗಳು ೧೯೩೭ರಲ್ಲಿ ತೀರಿಕೊಂಡರು. ಮರುವರ್ಷ ನವೆಂಬರಿನಲ್ಲಿ ಗ್ಯೋಪಿಂಗೆನ್ನಿನ ಪ್ರಾರ್ಥನಾಮಂದಿರವನ್ನು ಸುಟ್ಟರು. ೧೯೪೧ರ ಡಿಸೆಂಬರ್ ಮೊದಲನೆಯ ದಿನ ಸ್ಟುಟ್‌ಗಾರ್ಟಿನಿಂದ ರೀಗಾ ನಗರಕ್ಕೆ ಹೊರಟ ರೈಲಿನಲ್ಲಿ ಸುಮಾರು ಸಾವಿರ ಮಂದಿ ಯೆಹೂದ್ಯರನ್ನು ಸಾಗಿಸಿದರು. ಈ ಪಟ್ಟಣದವರೂ ಅದರಲ್ಲಿದ್ದರು. ಗುರುಗಳ ಪತ್ನಿ ಬೆರ್ಟಾ ಅವರನ್ನು ೧೯೪೨ರಲ್ಲಿ ತೆರೇಜಿಯನ್‌ಷ್ಟಾಟಿನ ಬಂದಿಶಿಬಿರಕ್ಕೆ ಒಯ್ದರು. ಮರುವರ್ಷ ಆ ತಾಯಿ ಅಲ್ಲಿಯೇ ತೀರಿಕೊಂಡರು.

ಇಗರ್ಜಿಯಿಂದ ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನೇ ಒಂದು ಮಾತು ಹೇಳಿದನು. ಆ ಸೀಮೆಯಲ್ಲಿ ತಿರುಗುತ್ತಿದ್ದ ಯೆಹೂದ್ಯ ವ್ಯಾಪಾರಿಗಳಿಗೆ ಊಟದ ಮಡಿ ಬಹಳ. ಆದುದರಿಂದ ತಾವು ತಂಗುವ ರೈತರ ಮನೆಗಳಲ್ಲಿಯೂ ಛತ್ರಗಳಲ್ಲಿಯೂ ತಮ್ಮದೇ ಒಂದು ಪಾತ್ರೆಯನ್ನು ಇಟ್ಟಿರುತ್ತಿದ್ದರಂತೆ. ಬೇರೆಯವರು ಬಳಸದಿರಲೆಂದು ಅದರ ಮೇಲೆ ಸೀಮೆಸುಣ್ಣದಿಂದ ಗುರುತು ಬರೆಯುತ್ತಿದ್ದರಂತೆ. ಅದನ್ನು ಕೇಳಿದೊಡನೆಯೇ ನಮ್ಮ ನಾಗಂದಿಗೆ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಹದಿನೆಂಟು ರೂಪಾಯಿ.

ಊರಿಗೆ ಬಂದ ತಿಂಗಳೊಳಗೆ ಒಂದು ಮುಂಜಾನೆ ಹೊರಟೆನು. ಜಯಮಂಗಲಿಯ ಪಾತ್ರದಲ್ಲಿ ಮರಳು ಮಾತ್ರ ಇತ್ತು. ಮಧುಗಿರಿಯಲ್ಲಿ ಬೆಟ್ಟದ ಕೆಳಗೆ ಮಲ್ಲಿನಾಥಸ್ವಾಮಿಯ ಬಸದಿ ಇರುವುದು ಅನೇಕರಿಗೆ ತಿಳಿಯದು. ಬೆಟ್ಟಕ್ಕೆ ಬಂದವರು ವೆಂಕಟರಮಣನನ್ನೂ ಮಲ್ಲೇಶ್ವರನನ್ನೂ ಕಂಡು ತಿರುಗುತ್ತಾರೆ. ನಾನು ಹೋದಾಗ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವರು, “ಸಾಯಂಕಾಲ ಹೊತ್ತು ಮುಳುಗುವ ಮುಂಚೆ ಬನ್ನಿ, ಇರುತ್ತಾರೆ” ಎಂದರು. ಬೋಗಾರಯ್ಯನವರ ವಿಷಯ ಕೇಳಿದೆ. ಅವರು ಬೆರಳು ತೋರಿಸಿದುದು ಸ್ಟೀಲಿನ ಅಂಗಡಿಯ ಕಡೆಗೆ. ಅದು ರಾಜಸ್ಥಾನದಿಂದ ಬಂದ ಶ್ವೇತಾಂಬರರದು. ಅವರೂ ಜೈನರೇ, ಆದರೆ ಇತ್ತೀಚಿನವರು. ನಾನು ಹುಡುಕುತ್ತಿದ್ದುದು ಮನೆಯಲ್ಲಿ ಕನ್ನಡವಾಡುವ, ಈ ಮಣ್ಣಿನ ಹಳೆಯ ದಿಗಂಬರರನ್ನು.

ಸಾಯಂಕಾಲದವರೆಗೆ ಕಾಲವಿತ್ತು. ಆದುದರಿಂದ ಪಾವಗಡದ ದಾರಿ ಹಿಡಿದು ನಿಡುಗಲ್ಲಿಗೆ ಹೋದೆನು.

ನಿಡುಗಲ್ಲು ಈಗ ಬಡ ಊರು. ಬೆಟ್ಟದ ಮಡಿಲಲ್ಲಿ ಪಾಳುಬಿದ್ದ ಗೋಡೆಗಳು, ಹಳೆಯ ಗುಡಿಗಳು, ಮುಳ್ಳುಗಿಡಗಳು. ಆದರೆ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಇದು ಚೋಳವಂಶದವರೆಂದು ಹೇಳಿಕೊಂಡ ಅರಸರ ರಾಜಧಾನಿ. ಅವರಲ್ಲಿ ಇರುಂಗೋಳನೆಂಬುವನು ಆಳುತ್ತಿದ್ದಾಗ, ೧೨೩೨ರಲ್ಲಿ, ಗಂಗೇಯನ ಮಾರೆಯನೆಂಬ ಜೈನ ಗೃಹಸ್ಥನು ಈ ಬೆಟ್ಟದಲ್ಲಿ ಪಾರ್ಶ್ವನಾಥನಿಗೆ ಬಸದಿಯನ್ನು ಕಟ್ಟಿಸಿದನು. ಅದಕ್ಕೆ ಜೋಗವಟ್ಟಿಗೆಯ ಬಸದಿಯೆಂದು ಹೆಸರು. ಮಾರೆಯನು ಬಿನ್ನಹ ಮಾಡಿಕೊಳ್ಳಲು ಅರಸನು ಪೂಜೆಗೆ ಭೂಮಿ ಬಿಟ್ಟನು. ಇದು ಎಲ್ಲ ಶಾಸನಗಳಲ್ಲಿಯೂ ಇರುವ ಮಾತು. ನನಗೆ ಹೆಚ್ಚು ಹಿಡಿಸಿದುದು ಬೇರೆ: ಅರಸನ ದತ್ತಿಯ ಜೊತೆಗೆ ಆ ಸೀಮೆಯ ಒಕ್ಕಲುಗಳೂ ತಮ್ಮ ಪಾಲಿನ ಕೊಡುಗೆಯನ್ನು ಸೇರಿಸಿದರು. ಅರಸನ ಭೂಮಿ ಅರಸನೊಡನೆ ಹೋಗಬಹುದು. ನೆರೆಯವನು ಕೊಟ್ಟುದಕ್ಕೆ ಬೇರೊಂದು ಬೆಲೆ ಇದೆ.

ಈ ಸೀಮೆ ಬರಿಯ ವ್ಯಾಪಾರಿಗಳದೂ ಅಲ್ಲ. ಕುಂದಕುಂದಾಚಾರ್ಯರ ನಿಯಮಸಾರಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ ಪದ್ಮಪ್ರಭ ಮಲಧಾರಿದೇವರು ೧೧೮೫ರಲ್ಲಿ ದೇಹಬಿಟ್ಟುದನ್ನು ಹೇಳುವ ಶಾಸನವು ಮಡಕಶಿರದ ಬಳಿಯ ಪಾಟಶಿವರದಲ್ಲಿದೆ. ತರ್ಕಶಾಸ್ತ್ರದಲ್ಲಿ ವಿಶ್ವತತ್ತ್ವಪ್ರಕಾಶವನ್ನು ಬರೆದ ಭಾವಸೇನ ತ್ರೈವಿದ್ಯರ ನಿಷಿಧಿಗಲ್ಲು ಇರುವುದು ಅಮರಾಪುರದಲ್ಲಿ. ಕಾಶಿ, ಕಂಚಿಗಳಲ್ಲಿ ಓದುವ ಗ್ರಂಥಗಳನ್ನು ಬರೆದವರು ನಮ್ಮ ರಾಗಿಯ ಹೊಲಗಳ ನಡುವೆ ಮಲಗಿದ್ದಾರೆ. ನಾವು ಅವರ ಹೆಸರನ್ನೂ ಕೇಳಿಲ್ಲ.

ಅಮರಾಪುರಕ್ಕೂ ಹೋದೆ. ಊರು ಈಗ ಆಂಧ್ರಪ್ರದೇಶಕ್ಕೆ ಸೇರಿದೆ. ಮೊದಲು ಅನಂತಪುರ ಜಿಲ್ಲೆ, ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಫಲಕಗಳು ತೆಲುಗು, ಬಾಯಿ ಕನ್ನಡ. ಇಲ್ಲಿ ೧೨೭೮ರ ಒಂದು ಶಾಸನವಿದೆ. ಮಲ್ಲಿಸೆಟ್ಟಿ ಎಂಬುವನು ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ ಎರಡು ಸಾವಿರ ಅಡಕೆಮರಗಳನ್ನು ಬಿಟ್ಟನು. ಅದರ ಹುಟ್ಟುವಳಿಯಿಂದ ಬಸದಿಯನ್ನು ಅಡಿಪಾಯದಿಂದ ಕಳಸದವರೆಗೆ ಕಲ್ಲಿನಲ್ಲಿ ಕಟ್ಟಬೇಕೆಂಬುದು ಅವನ ಇಷ್ಟ. ಮಳೆ ಸಾಲದ ಈ ನಾಡಿನಲ್ಲಿ ಎರಡು ಸಾವಿರ ಅಡಕೆಮರ! ಆಗಿನ ಕೆರೆಗಳು ಹೇಗಿದ್ದುವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಮರಾಪುರದಲ್ಲಿಯೂ ಅದೇ ಕಡೆಯ ರತ್ನಗಿರಿಯಲ್ಲಿಯೂ ಇಂದಿಗೂ ಕೆಲವು ಜೈನ ಮನೆಗಳಿವೆ, ಬೆರಳಲ್ಲಿ ಎಣಿಸಬಹುದಾದಷ್ಟು.

ಇಷ್ಟು ಜನ ಎಲ್ಲಿ ಹೋದರು? ನಿಡುಗಲ್ಲಿನ ಅರಸರು ಅಳಿದರು. ಬಸದಿಗಳಿಗೆ ಬಿಟ್ಟ ಭೂಮಿ ಕೈ ಬದಲಾಯಿಸಿತು. ಕೆಲವರು ವೀರಶೈವರಾದರು, ಕೆಲವರು ವೈಷ್ಣವರಾದರು. ಎಲ್ಲವೂ ಸಮಾಧಾನದಿಂದ ನಡೆಯಿತೆಂದು ಹೇಳಲಾಗದು. ೧೩೬೮ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು, ತಮಗೆ ವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನ ಬಳಿ ದೂರಿತ್ತರು. ಪೆನುಗೊಂಡೆಯೆಂದರೆ ನಮ್ಮ ಪಾವಗಡದ ನೆರೆಯೇ. ಅರಸನು ವೈಷ್ಣವ ಆಚಾರ್ಯರನ್ನೂ, ಹದಿನೆಂಟು ನಾಡಿನವರನ್ನೂ, ಹೊಲೆಯ ಜಾಂಬವ ಕುಲದವರನ್ನೂ ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪು ಕೊಟ್ಟನು. ಕಲಶವೂ ಪಂಚಮಹಾವಾದ್ಯಗಳೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದನು. ಶ್ರವಣಬೆಳಗೊಳದಲ್ಲಿಯೂ ಮಾಗಡಿಯ ಬಳಿಯ ಕಲ್ಯದಲ್ಲಿಯೂ ಆ ಶಾಸನವಿದೆ. ಶಾಲೆಯಲ್ಲಿ ನಾವೆಲ್ಲರೂ ಅದನ್ನು ಓದಿ ಹೆಮ್ಮೆಪಟ್ಟವರೇ, ಹೆಮ್ಮೆಪಡಬೇಕಾದುದೂ ಹೌದು. ಆದರೆ ಶಾಲೆಯಲ್ಲಿ ಹೇಳಿಕೊಡದ ಒಂದು ಸಂಗತಿ ಅದರಲ್ಲಿಯೇ ಇದೆ. ರಾಜ್ಯದ ಜೈನರು ಮನೆಗೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನವರು ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕಾಯುವವರು ವೈಷ್ಣವರು, ಕಾಯುವುದಕ್ಕೆ ಹಣ ತೆರುವವರು ಜೈನರು. ಯೇಬೆನ್‌ಹೌಸೆನ್ನಿನ ಒಡೆಯರು ಬರೆದುಕೊಟ್ಟ ಪತ್ರವನ್ನು ಕಂಡುಬಂದಿದ್ದ ನನಗೆ ಈ ಸಾಲುಗಳನ್ನು ಮೊದಲಿನಂತೆ ಓದಿಕೊಂಡು ಹೋಗಲಾಗಲಿಲ್ಲ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನಮ್ಮಲ್ಲಿ ಯಾರೂ ಜೈನರನ್ನು ಪಟ್ಟಿಮಾಡಿ ರೈಲಿಗೆ ತುಂಬಲಿಲ್ಲ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರಕ್ಕೆ ಮೇಲ್ಪಟ್ಟು ಜೈನರಿದ್ದಾರೆ. ತುಮಕೂರಿನ ಬಳಿಯ ಮಂದರಗಿರಿಯಲ್ಲಿ ಹಳೆಯ ಬಸದಿಗಳ ಜೊತೆಗೆ ನವಿಲುಗರಿಯ ಪಿಂಛಿಯ ಆಕಾರದ ಹೊಸ ಗುರುಮಂದಿರವೂ ಎದ್ದಿದೆ. ಕಡಮೆಯಾಗಿರುವುದು ಹಳ್ಳಿಯ ಜೈನರು. ಅವರು ಹೋದುದು ಸದ್ದಿಲ್ಲದೆ. ಗಾಡಿ ಬರಲಿಲ್ಲ, ಅಷ್ಟೆ.

ಮಧುಗಿರಿಗೆ ಹಿಂದಿರುಗಿದಾಗ ಬಿಸಿಲು ಬೆಟ್ಟದ ಬಂಡೆಯ ಮೇಲೆ ಕೆಂಪಾಗಿತ್ತು. ಬಸದಿಯ ಬಾಗಿಲು ತೆರೆದಿತ್ತು. ಸ್ವಾಮಿಯ ದರ್ಶನ ಮಾಡಿ, ಅಲ್ಲಿದ್ದ ಪುರೋಹಿತರೊಡನೆ ನನ್ನ ಕಥೆಯನ್ನೆಲ್ಲ ಹೇಳಿದೆನು. ಅವರು ನಗಲಿಲ್ಲ. “ನಮ್ಮವರು ಎಷ್ಟೋ ಮಂದಿ ಗಾಡಿ ಕಟ್ಟುತ್ತಿದ್ದರು, ಸ್ವಾಮಿ. ತುಮಕೂರಿಗೆ ಹೋದವರೆಷ್ಟೋ, ಬೆಂಗಳೂರಿಗೆ ಹೋದವರೆಷ್ಟೋ. ಮಕ್ಕಳು ನೋಂಪಿಗೋ ಮದುವೆಗೋ ಒಮ್ಮೆ ಬಂದು ಹೋಗುತ್ತಾರೆ. ಯಾವ ಮನೆಯವರೆಂದು ಗೊತ್ತಾದರೆ ತಿಳಿಸಬಹುದು” ಎಂದರು. ನನಗೆ ಗೊತ್ತಿರಲಿಲ್ಲ. ಬಡ್ಡಿಯ ಲೆಕ್ಕ ಹಾಕಲು ಕುಳಿತರೆ ಅದಕ್ಕೆ ಕೊನೆಯಿಲ್ಲವೆಂದು, ಇಂದು ಒಂದು ತಾಮ್ರದ ಹಂಡೆಗೆ ಏನು ಬೆಲೆಯೋ ಅಷ್ಟನ್ನು ದೇವರ ಅಭಿಷೇಕಕ್ಕೆಂದು ಅವರ ಮುಂದಿಟ್ಟೆನು. ಅವರು ರಸೀತಿಯ ಪುಸ್ತಕವನ್ನು ತೆಗೆದು, ಲೇಖನಿಯ ಮುಚ್ಚಳ ಬಿಚ್ಚಿ, “ಯಾರ ಹೆಸರಿಗೆ ಬರೆಯಲಿ?” ಎಂದು ಕೇಳಿದರು.

ಬಾಯಿ ಬರಲಿಲ್ಲ. ಗಂಗೇಯನ ಮಾರೆಯನ ಹೆಸರು ಗೊತ್ತು, ಮಲ್ಲಿಸೆಟ್ಟಿಯ ಹೆಸರು ಗೊತ್ತು. ಸಾವಿರಾರು ಮೈಲಿಗಳಾಚೆಯ ಹಳ್ಳಿಯೊಂದರ ಮನೆಮನೆಯ ಹೆಸರುಗಳು ಪುಸ್ತಕದಲ್ಲಿರುವುದನ್ನೂ ಬಲ್ಲೆ. ನಮ್ಮ ಜಗಲಿಯಲ್ಲಿ ಇಪ್ಪತ್ತು ವರ್ಷ ಉಂಡವರನ್ನು ಅಜ್ಜಿಯೂ, ತಂದೆಯವರೂ, ನಾನೂ ಬೋಗಾರಯ್ಯನವರೆಂದೇ ಕರೆದೆವು. ಅವರ ಹೆಸರೇನೆಂದು ಒಬ್ಬರೂ ಕೇಳಿರಲಿಲ್ಲ.

ಪುರೋಹಿತರು ಸ್ವಲ್ಪ ಹೊತ್ತು ಕಾದರು. ಹೊರಗೆ ಹೊತ್ತು ಇಳಿಯುತ್ತಿತ್ತು. ಅವರಿಗೆ ಊಟಕ್ಕೆ ತಡವಾಗುವುದೆಂದು ನನಗೆ ಸಂಕೋಚ. ಕೊನೆಗೆ ಅವರೇ, “ಬೋಗಾರಯ್ಯನವರು, ಚನ್ನರಾಯನದುರ್ಗದ ಹಾದಿ ಎಂದು ಬರೆಯಲೆ?” ಎಂದರು. ಬರೆಯಿರಿ ಎಂದೆನು. ಆ ರಸೀತಿಯನ್ನು ತಂದು ತಂದೆಯವರ ಲೆಕ್ಕದ ಪುಸ್ತಕದಲ್ಲಿ, ಆ ಪುಟಕ್ಕೇ, ಅಂಟಿಸಿದ್ದೇನೆ.